ಖಾಲಿ ಪಿಕಪ್ಪಿಗೆ ಮರಳಿನ ಭಾರ: ಮಳೆಗಾಲದ ಏರಿಗೆ ಒಂದು ಚೌಕಟ್ಟು

ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳು ಹೆಚ್ಚುಕಡಿಮೆ ಹೀಗೇ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಮಳೆಗಾಲದಲ್ಲಿ ಪಿಕಪ್ ಇಳಿಯುವಾಗ ತುಂಬಿರುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಡ್ರಮ್ಮು, ಮೈಲುತುತ್ತ, ಸುಣ್ಣ, ಪಂಪು, ಪೈಪು, ಗೊಬ್ಬರದ ಚೀಲ, ಜೊತೆಗೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು. ಎಲ್ಲ ಕೆಳಗಿಳಿಸಿ ವಾಪಸ್ ಹತ್ತುವಾಗ ಖಾಲಿ. ಕೊಯ್ಲಿನ ಕಾಲಕ್ಕೆ ಇದು ಉಲ್ಟಾ, ಗೊನೆ ತುಂಬಿಕೊಂಡೇ ಹತ್ತುವುದು. ಆದರೆ ಅಷ್ಟರಲ್ಲಿ ದಾರಿ ಒಣಗಿ ಗಟ್ಟಿಯಾಗಿರುತ್ತದೆ. ಅಂದರೆ ಹಿಂದಿನ ಚಕ್ರಕ್ಕೆ ಹಿಡಿತ ಬೇಕೇ ಬೇಕು ಅನ್ನುವ ನಾಲ್ಕು ತಿಂಗಳು ಹಿಂದೆ ಭಾರವೇ ಇರುವುದಿಲ್ಲ.

ನಮ್ಮದು ಹಿಂದಿನ ಚಕ್ರಕ್ಕೆ ಮಾತ್ರ ಓಟ, ಅಂದರೆ ಎಂಜಿನ್ನಿನ ಬಲ, ಇರುವ ಮಾಮೂಲಿ ಪಿಕಪ್. ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್, ಡ್ರೈವರ್ ಎಲ್ಲರೂ ಮುಂದೆ. ಹಿಂದೆ ಇರುವುದು ತಗಡಿನ ಬಾಡಿ ಒಂದೇ. ಅದರ ಕೆಳಗಿನ ಲೀಫ್ ಸ್ಪ್ರಿಂಗ್ ಪ್ಲೇಟುಗಳು ಟನ್ನುಗಟ್ಟಲೆ ಭಾರ ಹೊರಲು ಮಾಡಿದವು. ಖಾಲಿ ಇದ್ದಾಗ ಅವು ಬಾಗುವುದೇ ಇಲ್ಲ. ಕಲ್ಲು ಸಿಕ್ಕರೆ ಚಕ್ರ ಎಗರುತ್ತದೆ. ಎಗರಿದ ಚಕ್ರ ನೆಲ ಮುಟ್ಟುವಷ್ಟರಲ್ಲಿ ತಿರುಗಿ ಕೆಸರು ಹಾರಿಸುತ್ತದೆ.

ಹಿಂಬದಿಗೆ ಭಾರ ಹೇರುವ ಕೆಲಸಕ್ಕೆ ಕೈ ಹಾಕುವ ಮೊದಲು ಪೇಟೆಯ ವೇ ಬ್ರಿಡ್ಜ್‌ನಲ್ಲಿ ತೂಗಿಸಿದೆ. ಪೂರ್ತಿ ಗಾಡಿ ಒಮ್ಮೆ, ಮುಂದಿನ ಚಕ್ರ ಮಾತ್ರ ಕಟ್ಟೆಯ ಮೇಲೆ ಇಟ್ಟು ಒಮ್ಮೆ, ಹಿಂದಿನದು ಮಾತ್ರ ಇಟ್ಟು ಒಮ್ಮೆ. ವೇ ಬ್ರಿಡ್ಜ್‌ನವರಿಗೆ ಮೊದಲೇ ಹೇಳಿ, ಹಿಂದೆ ಅಡಿಕೆ ಲಾರಿ ಸಾಲು ನಿಂತಿದ್ದರೆ ಸುಮ್ನೆ ಬೈಸಿಕೊಳ್ಳಬೇಕಾಗುತ್ತದೆ. ನನ್ನನ್ನೂ ಸೇರಿಸಿ ಒಟ್ಟು 1680 ಕಿಲೋ. ಮುಂದೆ 960, ಹಿಂದೆ 720. ಓಟ ಇರುವ ಚಕ್ರಗಳ ಮೇಲೆ ನೂರಕ್ಕೆ 43 ಪಾಲು ಅಷ್ಟೇ.

ಈ 43 ಯಾಕೆ ಮುಖ್ಯ ಅಂದರೆ, ಏರು ಹತ್ತಲು ಲೆಕ್ಕಕ್ಕೆ ಬರುವುದು ಅದೇ. ಹಿಂದಿನ ಚಕ್ರ ಒತ್ತುವ ಭಾರಕ್ಕೆ ತಕ್ಕಂತೆ ಹಿಡಿತ ಸಿಗುತ್ತದೆ. ಗಾಡಿಯನ್ನು ಕೆಳಗೆ ಎಳೆಯುವುದು ಮಾತ್ರ ಒಟ್ಟು ತೂಕ. ಹಾಗಾಗಿ ಕೈಗೆ ಸಿಕ್ಕಿದ ಭಾರವನ್ನೆಲ್ಲ ಹೇರುತ್ತಾ ಹೋದರೆ ಲಾಭ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಹಿಡಿತದ ಜೊತೆ ಎಳೆತವೂ ಏರುತ್ತದೆ. ಹೇರಿದ ಭಾರದ ಹೆಚ್ಚಿನ ಪಾಲು ಹಿಂದಿನ ಆಕ್ಸಲ್‌ಗೇ ಬಿದ್ದರೆ ಮಾತ್ರ ಈ 43 ಚೆನ್ನಾಗಿ ಏರುತ್ತದೆ.

ಹೀಗೆ ಹಿಂದಿನ ಆಕ್ಸಲ್ ಮೇಲೆ ಭಾರ ಹೇರುವುದು ಹಿಮ ಬೀಳುವ ದೇಶಗಳಲ್ಲಿ ಹಳೇ ಪದ್ಧತಿ. ಅಮೆರಿಕ, ಕೆನಡಾದಲ್ಲಿ ಚಳಿಗಾಲ ಶುರುವಾಗುವಾಗ ಉದ್ದನೆಯ ಮರಳಿನ ಚೀಲಗಳು ಅಂಗಡಿಗೆ ಬರುತ್ತವೆ, ಒಂದೊಂದು 60 ಪೌಂಡ್, ಅಂದರೆ ನಮ್ಮ 27 ಕಿಲೋ. ಪಿಕಪ್ ಇದ್ದವರು ನಾಲ್ಕಾರು ತಂದು ಹಿಂದಿನ ಆಕ್ಸಲ್ ಮೇಲೆ ಹಾಕಿಕೊಳ್ಳುತ್ತಾರೆ. ಗಾಡಿ ಸಿಕ್ಕಿಬಿದ್ದರೆ ಒಂದು ಚೀಲ ಬಿಚ್ಚಿ ಟೈರಿನ ಮುಂದೆ ಮರಳು ಚೆಲ್ಲುತ್ತಾರೆ. ಅವರಿಗೆ ಒದ್ದೆ ಮರಳು ಹೆಪ್ಪುಗಟ್ಟಿ ಬಂಡೆಯಾಗುವ ತಲೆನೋವು. ನಮಗೆ ಇರುವೆ, ಕಪ್ಪೆ, ಚೀಲದ ಮೇಲೆ ಹಾವಸೆ (ಪಾಚಿ).

ಶಿರಸಿಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಮಣ್ಣಿನ ದಾರಿ ಅದಕ್ಕೇನೂ ಕಡಿಮೆ ಇಲ್ಲ. ಮೇಲಿನ ಒಂದಿಂಚು ಮಣ್ಣು ನೆನೆದು ಬೆಣ್ಣೆಯಾಗುತ್ತದೆ, ಕೆಳಗಿನದು ಗಟ್ಟಿಯಾಗಿಯೇ ಇರುತ್ತದೆ. ಭಾರ ಬಿದ್ದರೆ ಟೈರಿನ ಕಟ್ಟೆಗಳು ಆ ಒಂದಿಂಚನ್ನು ಸೀಳಿ ಕೆಳಗಿನ ಗಟ್ಟಿ ನೆಲ ಕಚ್ಚುತ್ತವೆ. ಮಣ್ಣೇ ಅಡಿವರೆಗೂ ಮೆತ್ತಗಿರುವ ಕಡೆ, ಗದ್ದೆ ಅಂಚಿನ ಹಾದಿಯಂಥಲ್ಲಿ, ಈ ಉಪಾಯ ಮಾಡಬೇಡಿ. ಭಾರ ಹೆಚ್ಚಾದಷ್ಟೂ ಗಾಡಿ ಹೂತುಹೋಗುತ್ತದೆ.

ಇನ್ನೊಂದು ಮಾತು, ಟೈರ್ ಸವೆದಿದ್ದರೆ ಮೊದಲು ಟೈರ್ ಬದಲಿಸಿ. ಹಿಂದಿನ ಟೈರಿನ ಗೀರಿನ ಆಳ 3 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಕ್ವಿಂಟಲ್‌ಗಟ್ಟಲೆ ಮರಳು ಹಾಕಿದರೂ ಕೆಸರಿನಲ್ಲಿ ಪ್ರಯೋಜನ ಕಾಣದು.

ಭಾರಕ್ಕೆ ಏನು ಹಾಕುವುದು ಅನ್ನುವುದರ ಮೇಲೆ ಮನೆಯ ಜಗುಲಿಯಲ್ಲೇ ದೊಡ್ಡ ಚರ್ಚೆ ಆಯಿತು. ಚಿರೇಕಲ್ಲು ಸುಲಭ, ಕೊಟ್ಟಿಗೆ ಹಿಂದೆ ಉಳಿದದ್ದು ಬಿದ್ದಿದೆ, ಒಂದೊಂದೂ ಸುಮಾರು 30 ಕಿಲೋ. ಆದರೆ ಬ್ರೇಕ್ ಹೊಡೆದಾಗ ಕಲ್ಲು ಕಲ್ಲಾಗಿಯೇ ಮುಂದೆ ಬರುತ್ತದೆ. ಕ್ಯಾಬಿನ್‌ನ ಹಿಂದಿನ ಗಾಜಿನ ಆಚೆ ನಮ್ಮ ತಲೆಯೇ ಇರುವುದು. ನೀರಿನ ಡ್ರಮ್ ಇಡಬಹುದಲ್ಲ ಅಂತ ಅಪ್ಪಯ್ಯ ಕೇಳಿದರು. 200 ಲೀಟರ್ ನೀರು ಅಂದರೆ 200 ಕಿಲೋ, ಬೇಡವಾದಾಗ ನಲ್ಲಿ ಬಿಚ್ಚಿದರೆ ಮುಗಿಯಿತು. ಆದರೆ ಡ್ರಮ್ ಎತ್ತರ, ತಿರುವಿನಲ್ಲಿ ಗಾಡಿ ವಾಲುತ್ತದೆ. ಅರ್ಧ ತುಂಬಿದ್ದರಂತೂ ನೀರು ಆಚೀಚೆ ಬಡಿದು ಇನ್ನೂ ಕಷ್ಟ. ಕುಮಟಾದ ಭಾವ ಫೋನಿನಲ್ಲಿ ಹೇಳಿದ್ದು, "ಮರಳಿಗೆ ಯಾಕೆ ದುಡ್ಡು ಕೊಡ್ತೀರಿ ಭಾವ, ಇಲ್ಲಿ ಸಮುದ್ರದ ದಂಡೆ ತುಂಬ ಇದ್ದಲ್ಲ." ಬೇಡವೇ ಬೇಡ. ದಂಡೆಯ ಮರಳು ತೆಗೆಯುವುದು ಕಾನೂನಿಗೆ ವಿರುದ್ಧ, ಅದಿರಲಿ, ಅದರಲ್ಲಿರುವ ಉಪ್ಪು ಬಾಡಿಯ ತಗಡನ್ನು ಎರಡು ಮಳೆಗಾಲದಲ್ಲಿ ತಿಂದು ಹಾಕುತ್ತದೆ. ಕರಾವಳಿಯ ಗಾಡಿಗಳ ಅಡಿ ಬಗ್ಗಿ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಕೊನೆಗೆ ಆರಿಸಿದ್ದು, ಗಾರೆ ಕೆಲಸ ಮುಗಿದು ಉಳಿದಿದ್ದ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು. ಒಣಗಿದ್ದು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ತುಂಬಲು ಗೊಬ್ಬರದ ಖಾಲಿ ಚೀಲ. ಒಳಗೆ ಪ್ಲಾಸ್ಟಿಕ್ ಪದರ ಇರುವುದನ್ನೇ ಆರಿಸಿದೆ, ಮಳೆ ನೀರು ಒಳಗೆ ಹೋಗದ ಹಾಗೆ. ಒಂದು ಎಚ್ಚರ: 45 ಕಿಲೋ ಯೂರಿಯಾ ಹಿಡಿಯುವ ಚೀಲಕ್ಕೆ ಮರಳು ಬಾಯಿವರೆಗೆ ತುಂಬಿದರೆ 90 ಕಿಲೋ ದಾಟುತ್ತದೆ. ಯೂರಿಯಾ ಹಗುರ, ಮರಳು ಅದರ ಎರಡರಷ್ಟು. ಅಂಥ ಚೀಲವನ್ನು ಇಬ್ಬರು ಹಿಡಿದರೂ ಸೊಂಟ ಉಳಿಯದು.

ನಾನು ಒಂದಕ್ಕೆ 25 ಕಿಲೋ ಮಾತ್ರ ತುಂಬಿದೆ. 20 ಲೀಟರಿನ ಪೇಂಟ್ ಬಕೆಟ್ಟಿಗೆ ಒಣ ಮರಳು ಪೂರ್ತಿ ತುಂಬಿದರೆ 30 ಕಿಲೋ ಮೇಲೆಯೇ ಬರುತ್ತದೆ. ಮುಕ್ಕಾಲಿಗಿಂತ ತುಸು ಮೇಲೆ ಬಕೆಟ್ಟಿನ ಒಳಗೊಂದು ಗೆರೆ ಎಳೆದುಕೊಂಡು, ಅಡಿಕೆ ತೂಗುವ ತಕ್ಕಡಿಯಲ್ಲಿ ಮೊದಲ ಚೀಲ ತೂಗಿ ನೋಡಿ, ಉಳಿದದ್ದನ್ನು ಗೆರೆ ನೋಡಿಯೇ ತುಂಬಿದೆ. ಚೀಲದ ಬಾಯಿಯನ್ನು ಮರಳಿನ ಹತ್ತಿರ ಬಿಗಿಯಾಗಿ ಕಟ್ಟಬೇಡಿ. ಒಳಗೆ ಜಾಗ ಬಿಟ್ಟು, ತುದಿ ಮಡಚಿ ಹೊಲಿಯಿರಿ. ಆಗ ಚೀಲವನ್ನು ನೆಲಕ್ಕೆ ಹಾಕಿ ಕಾಲಿನಿಂದ ತುಳಿದರೆ ದಿಂಬಿನ ಹಾಗೆ ಚಪ್ಪಟೆಯಾಗುತ್ತದೆ. ನನ್ನವು ಒಂದೂವರೆ ಅಡಿ ಉದ್ದ, 14 ಇಂಚು ಅಗಲ, ನಾಲ್ಕು ಇಂಚು ದಪ್ಪಕ್ಕೆ ಕೂತವು. ಅದರ ಮೇಲೆ ಇನ್ನೊಂದು ಚೀಲದ ಹೊದಿಕೆ. ಪ್ಲಾಸ್ಟಿಕ್ ನೂಲಿನ ಚೀಲ ಬಿಸಿಲಿಗೆ ಬಿದ್ದರೆ ಪುಡಿಪುಡಿ ಆಗುತ್ತದೆ, ಹೊರಗಿನದು ಹೋದರೂ ಒಳಗಿನದು ಉಳಿಯಲಿ ಅಂತ. ಹೀಗೆ ಎಂಟು ಚೀಲ, 200 ಕಿಲೋ. ಎಸೆಯಲೆಂದೇ ಒಂಬತ್ತನೆಯ ಸಣ್ಣ ಚೀಲವೊಂದಕ್ಕೆ ಚಿಪ್ಸ್ ಜಲ್ಲಿ ತುಂಬಿ ಸೀಟಿನ ಹಿಂದೆ ಇಟ್ಟೆ. ಜಾರುವ ಕೆಂಪು ಮಣ್ಣಿಗೆ ಮರಳಿಗಿಂತ ಜಲ್ಲಿ ಮೇಲು. ಜಲ್ಲಿ ಇಲ್ಲದಿದ್ದರೆ ಅಡಿಕೆ ಸಿಪ್ಪೆಯೂ ಆದೀತು. ದರಕು (ಒಣ ಎಲೆ) ಮಾತ್ರ ಹಾಕಬೇಡಿ, ಟೈರು ಅದರ ಮೇಲೆ ಇನ್ನೂ ಜಾರುತ್ತದೆ.

ಚೀಲ ಎಲ್ಲಿಡಬೇಕು ಅನ್ನುವಲ್ಲಿ ಬಹಳ ಜನ ಎಡವುತ್ತಾರೆ. ಹಿಂಬದಿ ಡೋರಿಗೆ ಒತ್ತಿ ಇಡುವುದು ರೂಢಿ, ಇಳಿಸಲು ಹತ್ತಲು ಸಲೀಸು ಅಂತ. ಲೆಕ್ಕ ಹಾಕಿ ನೋಡಿ. ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಇದೆ ಅಂದುಕೊಳ್ಳಿ. 200 ಕಿಲೋವನ್ನು ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ ಇಟ್ಟರೆ ಹಿಂದಿನ ಚಕ್ರದ ಮೇಲೆ 267 ಕಿಲೋ ಬೀಳುತ್ತದೆ. ಹೆಚ್ಚಿನ 67 ಎಲ್ಲಿಂದ ಬಂತು? ಮುಂದಿನ ಚಕ್ರದಿಂದ. ಅಲ್ಲಿ ಅಷ್ಟು ಕಡಿಮೆಯಾಗುತ್ತದೆ. ಏರು ಹತ್ತಲು ಇದು ಇನ್ನೂ ಚೆಂದ ಅನ್ನಿಸುತ್ತದೆ, ಹತ್ತುತ್ತದೆ ಕೂಡ. ಆದರೆ ಅದೇ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿಯುವಾಗ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಚಕ್ರ ಹಗುರಾಗಿ ನೇರಕ್ಕೆ ಜಾರುತ್ತದೆ. ಮಳೆಯ ಜೊತೆ ಮಂಜೂ ಇದ್ದರೆ ಕಥೆ ಮುಗಿದಂತೆ. ಆಕ್ಸಲ್ ಮೇಲೆ, ಇಲ್ಲವೇ ಒಂದು ಗೇಣು ಮುಂದೆ. ಅದಕ್ಕಿಂತ ಹಿಂದೆ ಬೇಡ.

ಆಕ್ಸಲ್ ಎಲ್ಲಿದೆ ಅಂತ ಬಾಡಿಯ ಒಳಗೆ ನಿಂತು ಅಂದಾಜು ಮಾಡಲಾಗದು. ಸಮತಟ್ಟಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಗಾರೆಯವರ ತೂಗುಗುಂಡನ್ನು ಬಾಡಿಯ ಅಂಚಿನಿಂದ ಇಳಿಬಿಟ್ಟು, ದಾರ ಚಕ್ರದ ನಡುವಿನ ಹಬ್ಬಿಗೆ ನೇರ ಬಂದಲ್ಲಿ ಕೆಂಪು ಪೇಂಟ್ ಹಚ್ಚಿದೆ. ಇನ್ನೊಂದು ಬದಿಗೂ ಹಾಗೇ. ಎರಡು ಗುರುತುಗಳ ನಡುವೆ ಬಾಡಿಯ ತಳದಲ್ಲಿ ಸೀಮೆಸುಣ್ಣದ ಗೆರೆ. ನಮ್ಮ ಗಾಡಿಯಲ್ಲಿ ಅದು ಬಾಡಿಯ ನಡುವಿಗಿಂತ ಸ್ವಲ್ಪ ಹಿಂದೆ ಬಂತು.

ಚೀಲಗಳು ಜಾರದಂತೆ ಕೂರಿಸುವ ಚೌಕಟ್ಟಿಗೆ ಹಳೇ ಮನೆ ಬಿಚ್ಚಿದಾಗ ತೆಗೆದಿಟ್ಟಿದ್ದ ಹಲಸಿನ ಪಕಾಸಿ. ಒಳಅಳತೆ ಗಾಡಿಯ ಅಗಲಕ್ಕೆ 4 ಅಡಿ 10 ಇಂಚು, ಉದ್ದಕ್ಕೆ 3 ಅಡಿ 1 ಇಂಚು. ನಾಲ್ಕು ಚೀಲದ ಎರಡು ಸಾಲು ಸರಿಯಾಗಿ ಕೂರಬೇಕು, ಬೆರಳು ತೂರುವಷ್ಟೇ ಸಂದು ಉಳಿಯಬೇಕು. ಎತ್ತರ ಐದು ಇಂಚು: ಚೀಲಕ್ಕೆ ನಾಲ್ಕು, ಮೇಲೆ ಮುಚ್ಚುವ ಹಲಗೆಗೆ ಒಂದು. ಮೇಲ್ಮೈ ಸಮ ಬಂದರೆ ಅದರ ಮೇಲೆ ಬೇರೆ ಸಾಮಾನು ಇಡಬಹುದು, ಬಾಡಿಯ ಜಾಗ ಹಾಳಾಗದು.

ಮೂಲೆಗಳನ್ನು ಮೊಳೆ ಹೊಡೆದು ಮುಗಿಸೋಣ ಅಂದಿದ್ದೆ. ಮರಗೆಲಸದ ಆಚಾರ್ರು ಒಪ್ಪಲಿಲ್ಲ. "ಹೆಗಡೇರೇ, ಗಾಡಿ ಅಂದ್ರೆ ದಿನಾ ನಡುಗೋ ಮನೆ. ಮೊಳೆ ತಿಂಗ್ಳಿಗೆ ಎದ್ದು ಬರ್ತದೆ, ಟೈರಿಗೇ ಹೋಗ್ತದೆ" ಅಂದರು. ಅರ್ಧಕ್ಕರ್ಧ ಕೊರೆದು ಒಂದರೊಳಗೊಂದು ಕೂರಿಸಿ, ಮೂಲೆಗೆ ಎರಡರಂತೆ ಬೋಲ್ಟ್ ಹಾಕಿದರು. ನಟ್ಟು ಒಳಬದಿಗೆ ಬಂದರೆ ಚೀಲ ಹರಿಯುತ್ತದೆ, ಹಾಗಾಗಿ ಬೋಲ್ಟಿನ ದುಂಡು ತಲೆ ಒಳಗೆ, ನಟ್ಟು ಹೊರಗೆ. ನಡುವೆ ಸಾಲುಗಳನ್ನು ಬೇರೆ ಮಾಡುವ ಒಂದು ಅಡ್ಡಪಟ್ಟಿ. ಒಳಗಿನ ಚೂಪು ಅಂಚನ್ನೆಲ್ಲ ಕೀಸುಳಿಯಲ್ಲಿ ಉರುಟು ಮಾಡಿ, ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದು ಎರಡು ದಿನ ಒಣಗಿಸಿದ್ದು. ಮರಕ್ಕೆ ಗೇರೆಣ್ಣೆ ಇದ್ದ ಊರಿನಲ್ಲಿ ಬಣ್ಣದ ಡಬ್ಬಿ ಯಾಕೆ ಬೇಕು? ಕೈಗೆ ತಾಗದಂತೆ ಮಾತ್ರ ನೋಡಿಕೊಳ್ಳಿ, ಚರ್ಮ ಸುಟ್ಟೀತು.

ತಗಡಿನ ಮೇಲೆ ಮರ ಜಾರುತ್ತದೆ. ಅಡಿಗೆ ಹಾಸಲು ಕೊಟ್ಟಿಗೆಯ ಹಳೇ ರಬ್ಬರ್ ಮ್ಯಾಟ್ ಕತ್ತರಿಸಿದೆ, ದನ ಮಲಗುವ ಆ ದಪ್ಪನೆಯದು. ಅದರ ಗೀರುಗೀರು ಮುಖ ಕೆಳಗೆ ಬರಬೇಕು. ನೀರು ಗೀರಿನಲ್ಲಿ ಹರಿದು ಹೋಗುತ್ತದೆ. ನುಣುಪು ಮುಖ ಕೆಳಗೆ ಹಾಕಿದರೆ ನೀರು ನಡುವೆ ಸಿಕ್ಕಿ ಅಲ್ಲೇ ತುಕ್ಕು. ಹಾಗಿದ್ದರೂ ಹದಿನೈದು ದಿನಕ್ಕೊಮ್ಮೆ ಎತ್ತಿ ತೊಳೆಯುವುದು ಒಳ್ಳೆಯದು.

ಬಾಡಿಯ ತಳಕ್ಕೆ ತೂತು ಹೊಡೆದು ಬೋಲ್ಟ್ ಹಾಕುವ ಯೋಚನೆ ಯಾರಿಗಾದರೂ ಬರುತ್ತದೆ. ಕೆಳಗೆ ಬ್ರೇಕ್ ಪೈಪು, ವೈರು ಹೋಗಿರುತ್ತದೆ, ತೂತಿನ ಸುತ್ತ ತುಕ್ಕು ಶುರುವಾಗುತ್ತದೆ. ಬದಲಿಗೆ ಚೌಕಟ್ಟಿನ ಮುಂಭಾಗದಿಂದ ಕ್ಯಾಬಿನ್ ಹಿಂದಿನ ಗೋಡೆಯವರೆಗೆ ಎರಡು ಮರದ ಊರೆ (ಆನಿಕೆ) ಕೊಟ್ಟೆ. ಇನ್ನು ಚೌಕಟ್ಟು ಮುಂದೆ ಹೋಗಲು ಜಾಗವೇ ಇಲ್ಲ. ಗೋಡೆಗೆ ತಾಗುವ ಕಡೆ ಒಂದು ಅಡ್ಡ ಹಲಗೆ ಇದೆ, ಒತ್ತಡ ಎರಡೇ ಕಡೆ ಬೀಳದೆ ಹಂಚಿಹೋಗಲಿ ಅಂತ. ಮೇಲಿಂದ ಎರಡು ರ‍್ಯಾಚೆಟ್ ಬೆಲ್ಟ್, ಒಂದು ಬದಿಯ ಹಗ್ಗದ ಹುಕ್ಕಿನಿಂದ ಇನ್ನೊಂದು ಬದಿಗೆ. ಯುರೋಪಿನಲ್ಲಿ ಸರಕು ಕಟ್ಟುವ ನಿಯಮದ ಪ್ರಕಾರ ಮುಂದಕ್ಕೆ ಜಾರದಂತೆ ಸರಕಿನ ತೂಕದ ನೂರಕ್ಕೆ 80 ಪಾಲು ತಡೆಯಬೇಕು, ಪಕ್ಕಕ್ಕೆ ಮತ್ತು ಹಿಂದಕ್ಕೆ 50. ನಮ್ಮ ಭಾರಕ್ಕೆ ಮುಂದಕ್ಕೆ ಸುಮಾರು 175 ಕಿಲೋ. ಊರೆ ಅದನ್ನು ಆರಾಮಾಗಿ ತಡೆಯುತ್ತದೆ. ಹಗ್ಗವೇ ಸಾಕಲ್ವಾ ಅಂದರೆ, ಸಾಲದು. ನಮ್ಮ ಮಳೆಯಲ್ಲಿ ಹಗ್ಗ ನೆನೆದು ಒಣಗಿ ಸಡಿಲಾಗುತ್ತದೆ, ಬಿಗಿ ಮಾಡುವ ಹೊತ್ತಿಗೆ ಕೊಡೆ ಹಿಡಿಯುವವರು ಬೇಕು.

ಎಲ್ಲ ಕೂರಿಸಿ ಮತ್ತೆ ವೇ ಬ್ರಿಡ್ಜ್‌ಗೆ. ಚೌಕಟ್ಟು, ಮ್ಯಾಟು ಸೇರಿ ಹೊಸ ಭಾರ 220 ಕಿಲೋ. ಒಟ್ಟು 1900, ಮುಂದೆ 970, ಹಿಂದೆ 930. ಮುಂದೆ ಕಡಿಮೆಯಾಗಲಿಲ್ಲ, ಹತ್ತು ಕಿಲೋ ಜಾಸ್ತಿಯೇ ಆಯಿತು. ಚೌಕಟ್ಟಿನ ನಡುಗೆರೆ ಆಕ್ಸಲ್‌ನಿಂದ ಅರ್ಧ ಅಡಿ ಮುಂದೆ ಇರುವುದಕ್ಕೆ ಸರಿಹೊಂದುವ ಅಂಕಿಯೇ. ಹಿಂದಿನ ಚಕ್ರದ ಭಾರ ನೂರಕ್ಕೆ 29 ಏರಿತು, ಒಟ್ಟು ತೂಕ 13. ಓಟದ ಚಕ್ರದ ಪಾಲು 43ರಿಂದ 49ಕ್ಕೆ ಬಂತು. ಕೆಸರಿನ ಹಿಡಿತವನ್ನು 0.3, ಅಂದರೆ ಹಿಂದಿನ ಚಕ್ರದ ಭಾರದ ನೂರಕ್ಕೆ 30 ಪಾಲು ಅಂತ ಇಟ್ಟು ಲೆಕ್ಕ ಹಾಕಿದರೆ, ಮೊದಲು ಎಂಟಡಿಗೆ ಒಂದಡಿ ಏರುವ ದಾರಿ ಹತ್ತುತ್ತಿದ್ದ ಗಾಡಿ ಈಗ ಏಳಡಿಗೆ ಒಂದಡಿ ಏರುವುದನ್ನು ಹತ್ತಬೇಕು. ಕೇಳಲು ಸಣ್ಣದು. ನಮ್ಮ ತೋಟದ ದಾರಿಯ ಕಡಿದಾದ ತುಂಡು ಮಾತ್ರ ಈ ಎರಡರ ನಡುವೆಯೇ ಇದೆ, ಅದಕ್ಕೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಮಳೆ ಹೊಯ್ದು ನಿಂತ ಬೆಳಿಗ್ಗೆ, ಟೈರಿನ ಗಾಳಿ ಬದಲಿಸದೆ ಅದೇ ಏರಿನಲ್ಲಿ ನೋಡಿದೆ. ಮೊದಲು ಓಡಿಸಿಕೊಂಡು ಬಂದರೆ ಮಾತ್ರ ಹತ್ತುತ್ತಿತ್ತು, ನಡುವೆ ನಿಂತರೆ ಮತ್ತೆ ಹೊರಡುವುದಿಲ್ಲ, ಹಿಂದಕ್ಕೆ ಇಳಿಸಬೇಕು. ಈಗ ಕಡಿದಾದ ತುಂಡಿನಲ್ಲೇ ನಿಲ್ಲಿಸಿ, ಮೊದಲ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟರೆ ಚಕ್ರ ಅರ್ಧ ಸುತ್ತು ಜಾರಿ ಆಮೇಲೆ ಕಚ್ಚಿ ಹೊರಡುತ್ತದೆ. ಕಲ್ಲಿನ ಮೇಲೆ ಎಗರುವುದೂ ಕಡಿಮೆಯಾಯಿತು, ಪ್ಲೇಟುಗಳಿಗೆ ಈಗ ಬಾಗಲು ಕಾರಣ ಸಿಕ್ಕಿದೆ. ಜಾರಿದಾಗ ಆಕ್ಸಿಲರೇಟರ್ ಒತ್ತುವುದು ಬೇಡ. ಒಂದೇ ಚಕ್ರ ತಿರುಗುತ್ತಿದ್ದರೆ ಹ್ಯಾಂಡ್‌ಬ್ರೇಕ್ ಒಂದೆರಡು ಹಲ್ಲು ಎಳೆದು ನೋಡಿ. ಅದು ಹಿಂದಿನ ಎರಡೂ ಚಕ್ರಕ್ಕೆ ಹಿಡಿಯುವ ಗಾಡಿಯಾದರೆ, ತಿರುಗುವ ಚಕ್ರಕ್ಕೆ ತಡೆ ಬಿದ್ದು ಇನ್ನೊಂದಕ್ಕೂ ಬಲ ಹೋಗುತ್ತದೆ.

ಹಾವಸೆ ಕಟ್ಟಿದ ಕಾಂಕ್ರೀಟ್ ಇಳಿಜಾರಿನಲ್ಲಿ ಏನೂ ಫರಕು ಕಾಣಲಿಲ್ಲ. ಮನೆ ಎದುರಿನ ಆ ತುಂಡಿಗೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಿಂದ ತಿಕ್ಕುವುದೇ ದಾರಿ. ನೀರು ಅಡ್ಡ ಹಾಯುವ ಒಂದು ಕಡೆಯೂ ಅಷ್ಟೇ. ಅಲ್ಲಿ ಚಿರೇಕಲ್ಲಿನ ಚೂರು ಹಾಕಿ ದಮ್ಮಸು ಮಾಡಿಸಿದೆ, ನೀರಿಗೆ ಪಕ್ಕದಲ್ಲಿ ಕಾಲುವೆ ತೆಗೆಸಿದೆ. ಸರಿಯಾಗಿ ಹೇಳಬೇಕೆಂದರೆ ದುಡ್ಡು, ಆಳು ಎರಡೂ ಇದ್ದರೆ ಮೊದಲು ದಾರಿ ಮಾಡಿಸಿಕೊಳ್ಳಿ. ಮರಳು ಅಲ್ಲಿಯವರೆಗಿನ ಉಪಾಯ.

ಇಳಿಯುವಾಗ ಮರಳು ಸಹಾಯಕ್ಕೆ ಬರುತ್ತದೆ ಅಂತ ತಿಳಿಯಬೇಡಿ. ಗಾಡಿ ಭಾರವಾಗಿದೆ, ನಿಲ್ಲಿಸಲು ಬ್ರೇಕಿಗೆ ಕೆಲಸವೂ ಜಾಸ್ತಿ. ಹಿಂದಿನ ಚಕ್ರ ಬೇಗ ಲಾಕ್ ಆಗಿ ಬಾಲ ತಿರುಗುವುದು ಕಡಿಮೆಯಾಗುತ್ತದೆ, ಅಷ್ಟು ಹೌದು. ಮೊದಲ ಗೇರಿನಲ್ಲೇ ಇಳಿಯುವ ಅಭ್ಯಾಸ ಬಿಡಬಾರದು.

ಇನ್ನು ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಮಿತಿಯಲ್ಲಿ ಈ 220 ಕಿಲೋವೂ ಸೇರುತ್ತದೆ. ಪೂರ್ತಿ ಲೋಡ್ ಗೊಬ್ಬರ ತರುವ ದಿನ ಚೀಲಗಳನ್ನು ಇಳಿಸಿಯೇ ಹೋಗಬೇಕು. 25 ಕಿಲೋ ಚೀಲ ಆದದ್ದರಿಂದ ಒಬ್ಬನೇ ಇಳಿಸಬಹುದು, ಹೊಸ ಮದುವೆಯಾದ ಅಳಿಯನನ್ನು ಕರೆಯಬೇಕಿಲ್ಲ. ಖರ್ಚು ಅಂತ ಆದದ್ದು ಬೆಲ್ಟು, ಬೋಲ್ಟು ಮತ್ತು ಆಚಾರ್ರ ಒಂದು ದಿನದ ಕೂಲಿ. ದಸರಾ ಕಳೆದು ದಾರಿ ಗಟ್ಟಿಯಾದ ಮೇಲೆ ಎಲ್ಲ ತೆಗೆಯುವುದು. ಸುಮ್ನೆ ಹೊತ್ತು ತಿರುಗಿದರೆ ಡೀಸೆಲ್ ದಂಡ. ಚೀಲಗಳು ಬಿಸಿಲು ಬೀಳದ ಕೊಟ್ಟಿಗೆ ಅಟ್ಟದ ಕೆಳಗೆ, ಚೌಕಟ್ಟು ಗೋಡೆಗೆ ಒರಗಿಸಿ. ಚೌಕಟ್ಟನ್ನು ಖಾಲಿ ಎತ್ತುವಾಗ ಹಿಡಿಯಲು ಏನೂ ಇಲ್ಲ, ಮುಂದಿನ ಮೇ ತಿಂಗಳಲ್ಲಿ ಕೂರಿಸುವ ಮೊದಲು ಎರಡು ಬದಿಗೆ ಹಳೇ ಟೈರಿನ ಪಟ್ಟಿ ಹೊಡೆದು ಹಿಡಿಕೆ ಮಾಡಿಸಬೇಕು.